ಸೂಕ್ಷ್ಮದವರನ್ನು ಹಂಗಿಸಬೇಡಿ

ಪಂಪಿನ ಸದ್ದು ಚೂರು ಬದಲಾದರೂ ತಲೆ ಎತ್ತುವವರು, ಔಷಧಿ ಹೊಡೆಯುವ ದಿನ ವಾಸನೆ ತಡೆಯದೆ ದೂರ ಹೋಗುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ಊರು ಇಟ್ಟ ಹೆಸರು 'ಪುಕ್ಕಲ'.

ಇದು ಪುಕ್ಕಲುತನ ಅಲ್ಲ, ಹುಟ್ಟುಗುಣ. ಅಮೆರಿಕದ ಮನಃಶಾಸ್ತ್ರಜ್ಞೆ ಎಲೈನ್ ಆರನ್ 1996ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ನೂರರಲ್ಲಿ 15-20 ಮಂದಿ ಹೀಗಿರುತ್ತಾರೆ ಎಂಬುದು ಅವರ ಅಂದಾಜು. ಇಂಥವರೆಲ್ಲ ಮೌನಿಗಳಲ್ಲ, ಹತ್ತು ಜನರೊಡನೆ ಬೆರೆಯುವವರೂ ಇದ್ದಾರೆ ಅಂತಾರೆ ಆಕೆ.

ನನ್ನನ್ನು ಕೇಳಿದರೆ ತೋಟಕ್ಕೆ ಬೇಕಾದ್ದೇ ಈ ಗುಣ. ತೆಂಗಿನ ಕೆಂಪುಮೂತಿ ಹುಳುವನ್ನೇ ನೋಡಿ. ಸುಳಿ ಬಾಡಿದ ಮೇಲೆ ಮರ ಉಳಿಸುವುದು ಕಷ್ಟ. ಮೊದಲೇ ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಮರಿಹುಳು ಕರಕರ ಮೇಯುವ ಸದ್ದು ಕೇಳೀತು. ಅಡಿಕೆಯ ಕೊಳೆರೋಗವೂ ಹಾಗೇ. ಮೊದಲು ಉದುರಿದ ನಾಲ್ಕು ಕಾಯಿಗಳ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಲೆ ಇರುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುವುದಿಲ್ಲ.

ಅಂಥವರ ಬೆನ್ನಿಗೆ ಸ್ಪ್ರೇಯರ್ ಹೊರಿಸಿ 'ಗಟ್ಟಿ ಮಾಡ್ತೇನೆ' ಅನ್ನಬೇಡಿ. ದಿನಾ ಬೆಳಿಗ್ಗೆ ತೋಟ ಸುತ್ತುವ ಕೆಲಸ ಕೊಡಿ. ನಮ್ಮಲ್ಲಿ ಅದು ಮಗಳ ಪಾಲಿಗೆ. 'ಯಾಕೋ ಈ ಮರ ಸರಿ ಇಲ್ಲ ಅಪ್ಪಾ' ಅಂದಳೆಂದರೆ ನಾನು ಚಾ ಲೋಟ ಕೆಳಗಿಟ್ಟು ಹೋಗಿ ನೋಡುತ್ತೇನೆ. ನೀವೂ ನೋಡಿ.