ಒಕ್ಕಲು ಮತ್ತು ಒಕ್ಕಲೆಬ್ಬಿಸುವಿಕೆ

'ಒಕ್ಕಲು' ಎಂಬುದು ಕನ್ನಡದಲ್ಲಿ ಬಹ್ವರ್ಥಗಳುಳ್ಳ ಮಾತು. ಅದು ಬೇಸಾಯಗಾರನನ್ನೂ ಸೂಚಿಸುತ್ತದೆ, ಒಂದು ಮನೆಯಲ್ಲಿ ನೆಲೆನಿಂತ ಸಂಸಾರವನ್ನೂ ಸೂಚಿಸುತ್ತದೆ. ಹೊಲದ ಒಕ್ಕಲಿಗೆ ನಮ್ಮ ರಾಜ್ಯವು 1974ರ ಭೂಸುಧಾರಣಾ ತಿದ್ದುಪಡಿಯ ಮೂಲಕ ನೆಲದ ಒಡೆತನವನ್ನೇ ದೊರಕಿಸಿತು. ಮನೆಯ ಒಕ್ಕಲಿಗೆ ದೊರೆತದ್ದೇನು? ಕಾಲೇಜುಗಳು ತೆರೆಯುವ ದಿನಗಳಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಫಲಕವನ್ನರಸಿ ಬೀದಿ ಬೀದಿ ಅಲೆಯುವ ವಿದ್ಯಾರ್ಥಿಗಳನ್ನೂ, ವರ್ಗವಾಗಿ ಬಂದ ಉಪಾಧ್ಯಾಯರನ್ನೂ ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುವುದುಂಟು.

ಬಾಡಿಗೆಯ ನಿಯಂತ್ರಣಕ್ಕೆಂದು ಇಲ್ಲಿ 1961ರಲ್ಲಿ ಒಂದು ಶಾಸನ ಬಂತು. ಅದು ಬಾಡಿಗೆದಾರನ ಕಡೆಗೆ ವಾಲಿದೆಯೆಂಬ ಆಕ್ಷೇಪಣೆ ಬಲವಾಗಿತ್ತು. ಒಂದೇ ಮನೆಯ ಬಾಡಿಗೆಯಿಂದ ಜೀವನ ಸಾಗಿಸುವ ವೃದ್ಧೆಯ ಪಾಡನ್ನು ನೆನೆದರೆ ಆ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಅದರ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಗೊಂಡಿತು. ಅನುಸೂಚಿಯ ಮೊದಲ ಭಾಗದಲ್ಲಿ ಹೆಸರಿಸಿದ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ಶಾಸನಬದ್ಧ ಬಾಡಿಗೆ ಇದನ್ನು ಮೀರಿದ ಮನೆಗಳಿಗೆ ತಾನು ಅನ್ವಯಿಸುವುದಿಲ್ಲವೆಂದು ಅದು ಗೆರೆ ಎಳೆಯಿತು. ಇಂದು ಬೆಂಗಳೂರಿನಲ್ಲಿ ಆ ಹಣಕ್ಕೆ ಎರಡು ಕೋಣೆಯ ಮನೆ ಸಿಕ್ಕೀತೆ? ಬಾಡಿಗೆದಾರನ ರಕ್ಷಣೆಗೆಂದು ಕಟ್ಟಿದ ಕೋಟೆಯ ಹೊರಗೇ ಬಹುಮಂದಿ ಬಾಡಿಗೆದಾರರು ನಿಂತಿದ್ದಾರೆ.

ಹಾಗೆಂದು ಅವರು ನಿರ್ಗತಿಕರಲ್ಲ. ಅವರಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಉಳಿದಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಒಕ್ಕಲಿಗೆ ಹದಿನೈದು ದಿನಗಳ ಲಿಖಿತ ನೋಟೀಸು ಕೊಡಬೇಕೆನ್ನುತ್ತದೆ ಅದರ 106ನೆಯ ಪ್ರಕರಣ. ಹದಿನೈದು ದಿನ ಬಹಳ ಕಡಿಮೆಯೇ ಸರಿ. ಆದರೆ ಆ ಅವಧಿ ಮುಗಿದೊಡನೆ ಮನೆಯೊಡೆಯರು ತಾವೇ ಬೀಗ ಜಡಿಯಬಹುದೆಂದು ಅರ್ಥವಲ್ಲ. ಅವರು ನ್ಯಾಯಾಲಯಕ್ಕೆ ಹೋಗಿ ಆಜ್ಞೆ ತರಬೇಕು. ಹನ್ನೊಂದು ತಿಂಗಳ ಕರಾರು ಮುಗಿಯಿತು, ಇನ್ನು ನಿನಗೆ ಹಕ್ಕೇ ಇಲ್ಲ ಎಂಬ ಮಾತಿಗೆ ಅಂಜಿ, ಸಂಜೆಯೊಳಗೆ ಗಂಟುಮೂಟೆ ಕಟ್ಟಿದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಹನ್ನೊಂದು ತಿಂಗಳೆಂಬ ಲೆಕ್ಕ ಹುಟ್ಟಿದ್ದೇ ಬೇರೆ ಕಾರಣಕ್ಕೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕು, ಅದರ ಖರ್ಚು ತಪ್ಪಿಸಲು ಈ ಉಪಾಯ. ಅವಧಿ ಮುಗಿದ ಮೇಲೂ ಒಡೆಯರು ಬಾಡಿಗೆಯನ್ನು ಸ್ವೀಕರಿಸುತ್ತ ಬಂದರೆ ವಾಸದ ಮನೆಯ ಒಕ್ಕಲುತನ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ.

ಬಲಾತ್ಕಾರವಾಗಿ ಹೊರಹಾಕಿಸಿಕೊಂಡವನಿಗೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣವಿದೆ. ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರದೆಂದು ನ್ಯಾಯಾಲಯ ವಿಚಾರಿಸುವುದಿಲ್ಲ. ವಾಸವಿದ್ದವನನ್ನು ಕಾನೂನಿನ ಹಾದಿ ಬಿಟ್ಟು ಹೊರಹಾಕಿದರೆ ಎಂಬುದಷ್ಟನ್ನೇ ನೋಡುತ್ತದೆ. ನನ್ನ ಮಟ್ಟಿಗೆ ಬಾಡಿಗೆದಾರನ ಹಕ್ಕುಗಳಲ್ಲೆಲ್ಲ ಇದೇ ಹಿರಿದು. ಇದು ಅವನ ಬಾಡಿಗೆಯ ಅಂಕಿಯನ್ನು ಕೇಳುವುದಿಲ್ಲ.

ಮುಂಗಡದ ವಿಷಯ ಹೀಗಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಳೆದುಬಂತು. 1882ರ ಶಾಸನದಲ್ಲಿ ಅದಕ್ಕೆ ಮಿತಿಯಿಲ್ಲ. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದೂ ರೂಢಿಯೇ. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು ಅದೇ ಶಾಸನದ 108ನೆಯ ಪ್ರಕರಣ ಹೇಳುತ್ತದೆ. ಕರಾರಿನಲ್ಲಿ ಒಪ್ಪಿ ಸಹಿ ಮಾಡಿದ್ದರೆ ಮಾತು ಬೇರೆ. ಆದ್ದರಿಂದಲೇ ಛಾಪಾ ಕಾಗದವನ್ನು ಓದಿ ಸಹಿ ಹಾಕಬೇಕು. ಸಾಹಿತ್ಯದ ವಿದ್ಯಾರ್ಥಿಗಳೂ ಆ ಗದ್ಯವನ್ನೊಂದು ಓದದೆ ಬಿಡುತ್ತಾರೆ!

ಕೇಂದ್ರ ಸಂಪುಟವು 2021ರ ಜೂನಿನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡವನ್ನು ಎರಡು ತಿಂಗಳಿಗೆ ಸೀಮಿತಗೊಳಿಸಿತು. ನೀರು, ವಿದ್ಯುತ್ತುಗಳನ್ನು ಕಡಿದು ಪೀಡಿಸುವುದನ್ನು ನಿಷೇಧಿಸಿತು. ಬಾಡಿಗೆಯ ವಿಷಯ ರಾಜ್ಯಪಟ್ಟಿಗೆ ಸೇರಿದ್ದಾದ್ದರಿಂದ, ವಿಧಾನಮಂಡಲ ತನ್ನದಾಗಿಸಿಕೊಳ್ಳದೆ ಈ ಮಾದರಿಗೆ ಶಾಸನದ ಬಲವಿಲ್ಲ. ಅಲ್ಲಿಯವರೆಗೆ ಬಾಡಿಗೆದಾರನ ಕೈಲಿರಬೇಕಾದದ್ದು ಕರಾರಿನ ಪ್ರತಿ, ಮುಂಗಡಕ್ಕೆ ರಸೀದಿ, ಬಾಡಿಗೆ ಸಂದಾಯವಾದುದಕ್ಕೆ ಬ್ಯಾಂಕಿನ ದಾಖಲೆ. ಒಡೆಯರೊಡನೆ ಮನಸ್ತಾಪವಿದ್ದರೂ ಬಾಡಿಗೆಯನ್ನು ಮಾತ್ರ ನಿಲ್ಲಿಸಬಾರದು. ನಿಲ್ಲಿಸಿದವನ ಪಕ್ಷ ನ್ಯಾಯಾಲಯದಲ್ಲಿ ಮೊದಲೇ ಅರ್ಧ ಸೋತಿರುತ್ತದೆ.