ಅಂಗವಿಕಲ ಮಗುವಿನ ಮನೆಯಿಂದ ಸರ್ಕಾರ ಹೇಳಿಸುತ್ತಿರುವ ಸುಳ್ಳು

ವರ್ಷಕ್ಕೆ 32 ಸಾವಿರ ರೂಪಾಯಿ. ಅಂಗವಿಕಲ ಮಗುವಿಗೆ ರಾಜ್ಯ ಸರ್ಕಾರದ ಮಾಸಾಶನ ಸಿಗಬೇಕಾದರೆ ಮನೆಯ ಇಡೀ ಆದಾಯ ಇದನ್ನು ದಾಟಬಾರದು. ತಿಂಗಳಿಗೆ 2,700 ರೂಪಾಯಿಯೂ ಆಗದ ಮೊತ್ತ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಿಂಬೆ ತೋಟಕ್ಕೆ ಕೂಲಿ ಹೋಗುವವರಾಗಲಿ, ಸಿಂದಗಿಯಲ್ಲಿ ಹತ್ತಿ ಬಿಡಿಸುವವರಾಗಲಿ, ಮುದ್ದೇಬಿಹಾಳದಲ್ಲಿ ತೊಗರಿ ಕೊಯ್ಯುವವರಾಗಲಿ, ಬಸವನ ಬಾಗೇವಾಡಿಯಲ್ಲಿ ಉಳ್ಳಾಗಡ್ಡಿ ಕೀಳುವವರಾಗಲಿ ಇಷ್ಟರಲ್ಲಿ ಸಂಸಾರ ನಡೆಸಲು ಸಾಧ್ಯವೇ? ಸರ್ಕಾರದ್ದೇ ಇನ್ನೊಂದು ಲೆಕ್ಕ ನೋಡಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ದುಡಿದರೆ 37 ಸಾವಿರ. ಆಗಿನ ಕಾನೂನು ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದ ತಾಯಿ ಅದೇ ಕಾರಣಕ್ಕೆ ತನ್ನ ಮಗುವಿನ ಮಾಸಾಶನ ಕಳೆದುಕೊಳ್ಳಬೇಕಿತ್ತು. ಬಿಪಿಎಲ್ ಕಾರ್ಡಿಗೆ ಇದೇ ರಾಜ್ಯದಲ್ಲಿ ಆದಾಯ ಮಿತಿ 1.20 ಲಕ್ಷ. ಒಂದೇ ಮನೆ ಆಹಾರ ಇಲಾಖೆಯ ಕಡತದಲ್ಲಿ ಬಡ ಕುಟುಂಬ, ಕಂದಾಯ ಇಲಾಖೆಯ ಕಡತದಲ್ಲಿ ಉಳ್ಳ ಕುಟುಂಬ.

ಇದರ ಫಲ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. “ಆದಾಯ ಎಷ್ಟಂತ ಬರೀಬೇಕ್ರಿ?” “ಮೂವತ್ತರ ಒಳಗ ಬರೀರಿ.” ಇಂಥ ಮಾತು ನಡೆಯದ ನಾಡಕಚೇರಿ ಎಲ್ಲಿದೆ? ಅರ್ಜಿ ತುಂಬುವವರಿಗೆ ಅದು ಸುಳ್ಳೆಂದು ಗೊತ್ತು, ವರದಿ ಬರೆಯುವ ಗ್ರಾಮ ಆಡಳಿತಾಧಿಕಾರಿಗೆ ಗೊತ್ತು, ಆದೇಶ ಹೊರಡಿಸುವ ಕಚೇರಿಗೂ ಗೊತ್ತು. ಪರಿಶೀಲನೆ ಬಂದಾಗ ಮಾತ್ರ ಆ ಸುಳ್ಳಿನ ಹೊರೆ ಬೀಳುವುದು ಹೆತ್ತವರ ಹೆಗಲಿಗೆ. ಅವರು ಹೇಳಿದ ಸುಳ್ಳನ್ನು ಹೇಳಿಸಿದ್ದು ನಿಯಮ. ಆದ್ದರಿಂದ “ಅನರ್ಹರನ್ನು ಪತ್ತೆ ಹಚ್ಚುತ್ತೇವೆ” ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಮಿತಿಯಡಿ ಪ್ರಾಮಾಣಿಕವಾಗಿ ಅರ್ಹರಾಗುವ ಮನೆ ಎಷ್ಟಿವೆ ಎಂಬುದನ್ನು ಮೊದಲು ಹೇಳಲಿ.

ನಕಲಿಗಳಿದ್ದಾರೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಭೀಮೆಯ ಆಚೆ ಮಹಾರಾಷ್ಟ್ರದಲ್ಲಿ 2024ರಲ್ಲಿ ಪೂಜಾ ಖೇಡ್ಕರ್ ಪ್ರಕರಣ ದೇಶವನ್ನೇ ಕದಡಿತು. ಐಎಎಸ್ ಹುದ್ದೆಗಾಗಿ ಅಂಗವಿಕಲ ಪ್ರಮಾಣಪತ್ರ ದುರ್ಬಳಕೆಯಾಯಿತೆಂಬ ಆರೋಪ ಅದು. ಆ ಗದ್ದಲದ ದಿನಗಳಲ್ಲೇ ಕೇಂದ್ರವು ಅಂಗವಿಕಲರ ಹಕ್ಕುಗಳ ನಿಯಮಗಳ ತಿದ್ದುಪಡಿ ಕರಡು ಹೊರಡಿಸಿತು, ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂತು. 2017ರ ನಿಯಮದಲ್ಲಿ ಒಂದು ತಿಂಗಳೊಳಗೆ ಕೊಡಬೇಕಿದ್ದ ಪ್ರಮಾಣಪತ್ರಕ್ಕೆ ಈಗ ಮೂರು ತಿಂಗಳ ಗಡುವು. ಎರಡು ವರ್ಷವಾದರೂ ವೈದ್ಯಕೀಯ ಪ್ರಾಧಿಕಾರ ತೀರ್ಮಾನ ಕೊಡದಿದ್ದರೆ ಅರ್ಜಿ ನಿಷ್ಕ್ರಿಯ; ಮತ್ತೆ ಕಚೇರಿಗೆ ಅಲೆಯಬೇಕು. ತಡ ಮಾಡಿದ್ದು ಕಚೇರಿ, ಶಿಕ್ಷೆ ಮಗುವಿಗೆ. ಅಧಿಕಾರದ ಮೆಟ್ಟಿಲು ಹತ್ತಲು ಹೊರಟವರ ಮೇಲಿನ ಅನುಮಾನಕ್ಕೆ, ಎದ್ದು ನಿಲ್ಲಲಾಗದ ಐದು ವರ್ಷದ ಕೂಸು ಯಾಕೆ ಕಾಯಬೇಕು?

ಮಕ್ಕಳ ವಿಷಯದಲ್ಲಿ ಈ ಕಾಯುವಿಕೆ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಬೌದ್ಧಿಕ ವೈಕಲ್ಯವಿರುವ ಮಗುವಿಗೆ ಕೊಡುವ ಪ್ರಮಾಣಪತ್ರ ತಾತ್ಕಾಲಿಕ. ಐದು, ಹತ್ತು, ಹದಿನೆಂಟು ವರ್ಷವಾದಾಗ ನವೀಕರಿಸಬೇಕು. ಆಧಾರ್‌ಗೆ ಐದು ಮತ್ತು ಹದಿನೈದರಲ್ಲಿ ಬೆರಳಚ್ಚು ಕೊಡಬೇಕು. ಸೆರೆಬ್ರಲ್ ಪಾಲ್ಸಿಯಿಂದ ಮುಷ್ಟಿ ಬಿಗಿದುಕೊಂಡ ಮಗುವಿನ ಬೆರಳನ್ನು ಯಂತ್ರದ ಮೇಲೆ ಚಾಚಿಸುವುದು ಎಂಥ ಹಿಂಸೆ ಎಂಬುದನ್ನು ಆ ತಾಯಿಯನ್ನೇ ಕೇಳಬೇಕು. ಇವುಗಳಲ್ಲಿ ಒಂದು ದಿನಾಂಕ ಮೀರಿದರೂ ಹಣ ನಿಲ್ಲುವ ಭಯ. ದುಡಿಯಲು ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಹೋದ ಕುಟುಂಬಕ್ಕೆ ಅದು ತಿಳಿಯುವುದೇ ತಿಂಗಳುಗಳ ಮೇಲೆ, ಊರಿಗೆ ಬಂದು “ಹುಡುಗನ ಪಗಾರ ಯಾಕ ಬಂದಿಲ್ರಿ?” ಎಂದು ಪೋಸ್ಟಿನವರನ್ನು ಕೇಳಿದಾಗ.

ಮಗುವಿನ ವೈಕಲ್ಯದ ಪ್ರಮಾಣ ವಯಸ್ಸಿನೊಂದಿಗೆ ಬದಲಾಗಬಹುದು, ಹೌದು. ಮರುಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಮರುಪರೀಕ್ಷೆ ಮಾಡಿಸುವ ಹೊಣೆ ಸರ್ಕಾರದ್ದಾಗಲಿ, ಅದು ಮುಗಿಯುವವರೆಗೆ ಹಣ ನಿಲ್ಲದಿರಲಿ ಎನ್ನುತ್ತಿದ್ದೇನೆ. ಬೌದ್ಧಿಕ ಸಾಮರ್ಥ್ಯದ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು ಬೇಕು, ಕಿವಿಯ ಬೇರಾ ಪರೀಕ್ಷೆಗೆ ಯಂತ್ರವೂ ಶ್ರವಣತಜ್ಞರೂ ಬೇಕು. ಇವರನ್ನು ಹುಡುಕಿಕೊಂಡು ಮಗುವನ್ನೆತ್ತಿ ವಿಜಯಪುರಕ್ಕೆ ಬಂದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸು ಉಚಿತ, ಅದು ದೊಡ್ಡ ಆಸರೆಯೇ. ಆದರೆ ಹನ್ನೆರಡು ವರ್ಷದ ಹುಡುಗನನ್ನು ಬಸ್ಸಿಗೆ ಎತ್ತಿ ಹತ್ತಿಸಲು ಅಪ್ಪನೋ ಮಾವನೋ ಜೊತೆಗೆ ಬರಲೇಬೇಕು. ಅವನ ಟಿಕೆಟ್ಟು, ಅವನ ಕೂಲಿ? ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಲ್ಲ ಎಂದು, ಖಾಸಗಿ ಸಹಭಾಗಿತ್ವ ಬೇಡವೆಂದು 2025ರಲ್ಲಿ ವಿಜಯಪುರದ ಜನ ದೀರ್ಘಕಾಲ ಧರಣಿ ಕೂತರು. ಆ ಬೇಡಿಕೆಯೊಳಗೆ ಈ ಮಕ್ಕಳ ಪ್ರಶ್ನೆಯೂ ಸೇರಿದೆ ಎಂದೇ ನಾನು ತಿಳಿದಿದ್ದೇನೆ.

ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯದ ಮಕ್ಕಳಿಗೆ ತಾಲ್ಲೂಕು ಮಟ್ಟದಲ್ಲೇ ವೈದ್ಯಕೀಯ ತಪಾಸಣಾ ಶಿಬಿರಗಳು ನಡೆಯುತ್ತವೆ. ಅಲ್ಲಿ ಮಗುವನ್ನು ನೋಡುವವರು ಸರ್ಕಾರ ಕರೆಸಿದ ತಜ್ಞರೇ. ಅದೇ ಶಿಬಿರದಲ್ಲಿ ಅಂಗವೈಕಲ್ಯದ ಯುಡಿಐಡಿ ಪ್ರಮಾಣಪತ್ರವೂ ಆಗಬೇಕು, ಅದೇ ದಿನ ಪಿಂಚಣಿ ಅರ್ಜಿಯೂ ಆಗಬೇಕು. ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಇದ್ದಾರೆ. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಗೊತ್ತು. ಗೌರವಧನದ ಮೇಲೆ ದುಡಿಯುವ ಈ ಜನರೂ ಬಹುತೇಕ ಅಂಗವಿಕಲರೇ. ಅವರ ಕೈಗೆ ನವೀಕರಣದ ಪಟ್ಟಿ ಕೊಟ್ಟು, ದಿನಾಂಕ ಮುಗಿಯುವ ಮೊದಲೇ ಮನೆಗೆ ಕಳಿಸುವುದು ಅಷ್ಟೇನೂ ಕಷ್ಟವಲ್ಲ.

ಇನ್ನು ಹಣದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಸಾಮಾಜಿಕ ಭದ್ರತೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ: ಇತರರಿಗಿರುವ ಅದೇ ಬಗೆಯ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಕೊಡಬೇಕು. 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ಬೆನ್ನಲ್ಲೇ ಬಸವರಾಜ ಬೊಮ್ಮಾಯಿ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾವನ್ನು 1,200 ರೂಪಾಯಿಗೆ ಏರಿಸಿದರು. ಶೇ 40ರಿಂದ 75ರೊಳಗಿನ ಅಂಗವಿಕಲರದ್ದನ್ನು 600ರಿಂದ 800ಕ್ಕೆ ಏರಿಸಿದರು. ಕಾಯ್ದೆಯ ಮಾತು ನಡೆಯುವುದಾದರೆ 1,200ಕ್ಕೆ ಶೇ 25 ಸೇರಿಸಿ 1,500 ಆಗಬೇಕಿತ್ತು. ಈ ಗುಂಪಿನ ಮಕ್ಕಳು ಪ್ರತಿ ತಿಂಗಳೂ 700 ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ, ಅದೂ ಕಾಯ್ದೆ ಕಣ್ಣೆದುರಿಗಿದ್ದಾಗ. ಕೇಂದ್ರದ ಪಾಲೋ ಇನ್ನೂ ಬಡಕಲು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ 2012ರಿಂದಲೂ 300 ರೂಪಾಯಿಗೇ ನಿಂತಿದೆ, ಅದೂ ಹದಿನೆಂಟು ತುಂಬಿದ, ಶೇ 80ರಷ್ಟು ವೈಕಲ್ಯವಿರುವವರಿಗೆ ಮಾತ್ರ. ಮಕ್ಕಳು ಅದರ ಲೆಕ್ಕಕ್ಕೇ ಇಲ್ಲ.

“ಅಷ್ಟು ದುಡ್ಡು ಎಲ್ಲಿಂದ ತರೋದು” ಎಂಬ ಪ್ರಶ್ನೆ ಎದುರಾಗುತ್ತದೆ. ಗೃಹಲಕ್ಷ್ಮಿಗೆ ತಿಂಗಳಿಗೆ 2,000 ಕೊಡಲು ಈ ರಾಜ್ಯಕ್ಕೆ ಸಾಧ್ಯವಾಗಿದೆ. ಅದಕ್ಕೆ 32 ಸಾವಿರದ ಮಿತಿ ಯಾರೂ ಹಾಕಲಿಲ್ಲ, ಹಾಕದೇ ಇದ್ದದ್ದು ಒಳ್ಳೆಯದೇ. ಅದೇ ಔದಾರ್ಯ ಅಂಗವಿಕಲ ಮಗುವಿನ ಬಾಗಿಲಲ್ಲಿ ಯಾಕೆ ನಿಂತುಬಿಡುತ್ತದೆ? ಮಗುವನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬರು ದುಡಿಮೆಯನ್ನೇ ಬಿಡಬೇಕಾಗುತ್ತದೆ. ಔಷಧ, ಡೈಪರ್, ಫಿಸಿಯೊಥೆರಪಿ, ಸೋಲಾಪುರದ ಆಸ್ಪತ್ರೆಯ ಖರ್ಚು ಬೇರೆ. ಆದಾಯ ಎಷ್ಟು ಬರುತ್ತದೆ ಎಂದು ಮಾತ್ರ ಕೇಳಿ, ಎಷ್ಟು ಹೋಗುತ್ತದೆ ಎಂದು ಕೇಳದ ಅರ್ಜಿ ನಮೂನೆ ನ್ಯಾಯದ್ದಲ್ಲ. ಹದಿನೆಂಟು ವರ್ಷದೊಳಗಿನ ಅಂಗವಿಕಲ ಮಕ್ಕಳಿಗೆ ಆದಾಯ ಮಿತಿಯೇ ಇರಬಾರದು. ಅದು ಆಗದಿದ್ದರೆ ಬಿಪಿಎಲ್ ಕಾರ್ಡೊಂದೇ ಸಾಕೆಂದು ಬರೆಯಲಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರಿ ಆದೇಶವೇ ಸಾಕು. 2023ರ ಚುನಾವಣೆಯಲ್ಲಿ ಆರಂಭದಲ್ಲಿ ಹೇಳಿದ ನಾಲ್ಕೂ ಕ್ಷೇತ್ರಗಳು ಗೆಲ್ಲಿಸಿದ್ದು ಒಂದೇ ಪಕ್ಷವನ್ನು: ಇಂಡಿಯಲ್ಲಿ ಯಶವಂತರಾಯಗೌಡ ಪಾಟೀಲ, ಸಿಂದಗಿಯಲ್ಲಿ ಅಶೋಕ ಮನಗೂಳಿ, ಮುದ್ದೇಬಿಹಾಳದಲ್ಲಿ ಸಿ.ಎಸ್. ನಾಡಗೌಡ, ಬಸವನ ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲ. ಆ ಪಕ್ಷವೇ ಸರ್ಕಾರ ರಚಿಸಿತು, ಶಿವಾನಂದ ಪಾಟೀಲರು ಸಚಿವರೂ ಆದರು. ವಿರೋಧ ಪಕ್ಷದಲ್ಲಿದ್ದೆವು, ನಮ್ಮ ಮಾತು ನಡೆಯಲಿಲ್ಲ ಎಂದು ಹೇಳುವ ಅವಕಾಶ ಇವರಲ್ಲಿ ಒಬ್ಬರಿಗೂ ಇಲ್ಲ. ನಾಲ್ವರೂ ಒಟ್ಟಾಗಿ ಕಂದಾಯ ಸಚಿವರ ಎದುರು ಕೂತು ಮೂರು ಸಂಗತಿ ಕೇಳಲಿ: ಮಕ್ಕಳ ಮಾಸಾಶನಕ್ಕೆ 32 ಸಾವಿರದ ಮಿತಿ ಯಾಕೆ, 24ನೇ ಕಲಂ ಹೇಳಿದ ಶೇ 25 ಎಲ್ಲಿ, ಪ್ರಮಾಣಪತ್ರ ನವೀಕರಣಕ್ಕೆ ಕಾದಿರುವ ಮಗುವಿನ ಹಣ ನಿಲ್ಲಿಸಲು ಯಾರು ಹೇಳಿದರು. ಉತ್ತರ ಬರಹದಲ್ಲಿ ಬರಲಿ, ನಾಲ್ಕೂ ತಾಲ್ಲೂಕಿನ ನಾಡಕಚೇರಿಗಳ ಗೋಡೆಗೆ ಅದನ್ನು ಅಂಟಿಸಲಿ.