ಸುನಿಲ್ ಜೋಶಿ ಕಥೆಯನ್ನು ನಾವು ಯಾರಿಗೆ ಹೇಳುತ್ತಿದ್ದೇವೆ?

ಹುಬ್ಬಳ್ಳಿ-ಧಾರವಾಡದ ಯಾವ ಕ್ರಿಕೆಟ್ ಕ್ಯಾಂಪಿಗೆ ಹೋದರೂ ಈ ಒಂದು ಕಥೆ ಕಿವಿಗೆ ಬೀಳದೆ ಇರೋದಿಲ್ಲ. ಗದಗಿನ ಹುಡುಗನೊಬ್ಬ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಬಂದು, ಪ್ರಾಕ್ಟೀಸ್ ಮುಗಿಸಿ, ಶಾಲೆ ಶುರುವಾಗುವ ಹೊತ್ತಿಗೆ ಮತ್ತೆ ಗದಗ ಸೇರುತ್ತಿದ್ದ. ಹೋಗಿ ಬರೋದು ಸೇರಿದರೆ ದಿನಕ್ಕೆ 100 ಕಿ.ಮೀ.ಗೂ ಹೆಚ್ಚು. ಆ ಹುಡುಗ ಮುಂದೆ ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಈ ಲೆಕ್ಕವನ್ನು ನಮ್ಮ ಕಡೆಯವರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. 2020ರಲ್ಲಿ ಸುನಿಲ್ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ಕಥೆ ನಿಜ, ಹೆಮ್ಮೆಪಡುವಂಥದ್ದು. ನನ್ನ ತಕರಾರು ಇರೋದು ಅದನ್ನು ಯಾವಾಗ, ಯಾರಿಗೆ ಹೇಳುತ್ತೇವೆ ಅನ್ನೋದರ ಬಗ್ಗೆ.

ಕೆಲವು ವಾರಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಅಂಡರ್-14 ಪಂದ್ಯ ನೋಡ್ತಾ ನಿಂತಿದ್ದೆ. ಮೂರನೇ ಕ್ರಮಾಂಕದ ಹುಡುಗ ಎರಡನೇ ಎಸೆತಕ್ಕೇ ಔಟ್. ಅವನು ಗೆರೆ ದಾಟುವ ಮೊದಲೇ ಅಪ್ಪ ಬಂದು ನಿಂತಿದ್ದರು. "ಎಷ್ಟ್ ಸಲ ಹೇಳಬೇಕಲೇ ನಿನಗ? ಮೊದಲ ಮೂರು ಓವರ್ ಬ್ಯಾಟ್ ಬೀಸಬ್ಯಾಡ ಅಂತ ಹೇಳಿದ್ದಿಲ್ಲ?" ಹುಡುಗ ಮಾತಾಡಲಿಲ್ಲ. ಕೋಚ್ ಹೆಗಲ ಮೇಲೆ ಕೈ ಹಾಕಿದರು, ದನಿಯಲ್ಲಿ ಸಿಟ್ಟೇನೂ ಇರಲಿಲ್ಲ: "ಮೆಂಟಲಿ ಟಫ್ ಆಗಬೇಕಪಾ. ಸುನಿಲ್ ಜೋಶಿ ಸರ್ ಎಲ್ಲಿಂದ ಬರ್ತಿದ್ರು ಗೊತ್ತೈತಿಲ್ಲೋ?" ಹುಡುಗ ತಲೆ ಆಡಿಸಿದ. ಆಮೇಲೆ ಹೋಗಿ ಬೇವಿನ ಮರದ ಕೆಳಗೆ ಕೂತ. ಪ್ಯಾಡ್ ಬಿಚ್ಚಿದ, ಗ್ಲೌಸ್ ಬಿಚ್ಚಿದ, ಹೆಲ್ಮೆಟ್ ಮಾತ್ರ ಬಹಳ ಹೊತ್ತು ತೆಗೆಯಲಿಲ್ಲ. ಯಾಕೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಅಪ್ಪನನ್ನು ವಿಲನ್ ಮಾಡೋದು ಸುಲಭ. ಆದರೆ ಒಂದು ಒಳ್ಳೆಯ ಇಂಗ್ಲಿಷ್ ವಿಲೋ ಬ್ಯಾಟಿಗೆ ಅನೇಕ ಮನೆಗಳಲ್ಲಿ ಒಂದು ತಿಂಗಳ ಸಂಬಳವೇ ಹೋಗುತ್ತದೆ. ಕೋಚಿಂಗ್ ಫೀಸು, ಪ್ರಯಾಣ, ತಪ್ಪಿದ ಟ್ಯೂಷನ್ ಎಲ್ಲ ಬೇರೆ. ಅಷ್ಟೆಲ್ಲ ಹಾಕಿದ ಮೇಲೆ ರಾಜ್ಯದ ಅಂಡರ್-16 ತಂಡದಲ್ಲಿ ಸಿಗುವ ಜಾಗ ಎಷ್ಟು? ಹದಿನೈದೋ ಹದಿನಾರೋ. ಇಡೀ ಕರ್ನಾಟಕಕ್ಕೆ. ಬೆಂಗಳೂರಿನ ಹುಡುಗನಿಗೆ ವರ್ಷವಿಡೀ ಲೀಗ್ ಪಂದ್ಯಗಳಿರುತ್ತವೆ, ಇವತ್ತು ಸೊನ್ನೆಗೆ ಔಟಾದರೆ ಮುಂದಿನ ವಾರ ಇನ್ನೊಂದು ಪಂದ್ಯ. ರೋಣದಿಂದಲೋ ಹಾವೇರಿಯಿಂದಲೋ ಬಂದ ಹುಡುಗನಿಗೆ ಸೆಲೆಕ್ಟರ್ ಕಣ್ಣಿಗೆ ಬೀಳುವ ಅವಕಾಶ ಬೆರಳಲ್ಲಿ ಎಣಿಸುವಷ್ಟು. ಆ ಎರಡು ಎಸೆತದಲ್ಲಿ ಅಪ್ಪನಿಗೆ ಕಂಡಿದ್ದು ಒಂದು ವಿಕೆಟ್ ಅಲ್ಲ, ಒಂದು ವರ್ಷ.

ಗದಗದಿಂದ ಬಂದ ಹುಡುಗನ ಕಥೆಯಲ್ಲಿ ನಾವು ಕೇಳದೇ ಬಿಟ್ಟ ಪ್ರಶ್ನೆ ಇಲ್ಲೇ ಇದೆ. ಒಬ್ಬ ಶಾಲಾ ಹುಡುಗ ಒಂದು ನೆಟ್ ಪ್ರಾಕ್ಟೀಸಿಗಾಗಿ ದಿನಾ ಅಷ್ಟು ದೂರ ಯಾಕೆ ಬರಬೇಕಿತ್ತು? ಈ ಕಥೆಯನ್ನು ಹನ್ನೆರಡು ವರ್ಷದ ಹುಡುಗನಿಗೆ ಹೇಳಿದರೆ ಅದು ಹೊರೆ. ಕ್ರಿಕೆಟ್ ಸಂಸ್ಥೆಯವರಿಗೆ, ಜಿಲ್ಲಾಡಳಿತಕ್ಕೆ, ಕ್ರೀಡಾ ಇಲಾಖೆಗೆ ಹೇಳಿದರೆ ಅದೇ ಕಥೆ ಆರೋಪಪಟ್ಟಿ. ರಾಜನಗರದಲ್ಲಿ ಕೆಎಸ್‌ಸಿಎ ಮೈದಾನ ಬಂದಿದೆ, ರಣಜಿ ಪಂದ್ಯಗಳೂ ನಡೆದಿವೆ, ಒಪ್ಪೋಣ. ಅಷ್ಟಾದರೂ ಸುತ್ತಲಿನ ತಾಲ್ಲೂಕುಗಳ ಹುಡುಗರು ಇವತ್ತಿಗೂ ಕಿಟ್ ಬ್ಯಾಗ್ ಹೊತ್ತು ವಾಯವ್ಯ ಸಾರಿಗೆ ಬಸ್ಸಿನಲ್ಲಿ ನಿಂತೇ ಬರ್ತಾರೆ. ಸೌಲಭ್ಯ ಇಲ್ಲದಲ್ಲೆಲ್ಲ ನಾವು 'ಮನೋಬಲ' ಕೇಳ್ತೀವಿ. ಅಗ್ಗದ ಪರಿಹಾರ ಅದು.

ಇಂಜಿನಿಯರಿಂಗ್ ಓದಿದ್ದಕ್ಕೆ ನನಗೆ ಆದ ಕೆಲವೇ ಉಪಯೋಗಗಳಲ್ಲಿ ಒಂದನ್ನು ಇಲ್ಲಿ ಬಳಸಿಕೊಳ್ತೀನಿ. ಮೆಟೀರಿಯಲ್ಸ್ ಪಾಠದಲ್ಲಿ ಹಾರ್ಡ್‌ನೆಸ್ ಬೇರೆ, ಟಫ್‌ನೆಸ್ ಬೇರೆ. ಹಾರ್ಡ್‌ನೆಸ್ ಅಂದರೆ ಗಡಸುತನ, ಮೇಲೆ ಗೀರು ಬೀಳದಿರುವುದು, ತಗ್ಗು ಬೀಳದಿರುವುದು. ಟಫ್‌ನೆಸ್ ಅಂದರೆ ಮುರಿಯುವ ಮುನ್ನ ಎಷ್ಟು ಪೆಟ್ಟನ್ನು ಒಳಗೆ ತೆಗೆದುಕೊಳ್ಳಬಲ್ಲದು ಅನ್ನೋದು. ಲ್ಯಾಬಿನಲ್ಲಿ ಚಾರ್ಪಿ ಟೆಸ್ಟ್ ಅಂತ ಮಾಡಿಸ್ತಾರೆ: ಸಣ್ಣ ಕಚ್ಚು ಹಾಕಿದ ತುಂಡಿಗೆ ಲೋಲಕದಂತೆ ತೂಗುವ ಸುತ್ತಿಗೆಯಿಂದ ಹೊಡೆತ. ಬೀಡುಕಬ್ಬಿಣ ಗಡಸು, ಆದರೆ ಒಂದೇ ಏಟಿಗೆ ಪಟ್ಟನೆ ಎರಡು ತುಂಡು. ಮೆತು ಉಕ್ಕು ಅಷ್ಟು ಗಡಸಲ್ಲ, ಆದರೆ ಬಾಗುತ್ತೆ, ಬಾಗಿದ್ದರಿಂದಲೇ ತಾಳಿಕೊಳ್ಳುತ್ತೆ. ಬೆಳಗಾವಿ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಯಾರೂ ಪಾಠ ಹೇಳಬೇಕಿಲ್ಲ. ಮೈದಾನದಲ್ಲಿ ಮಾತ್ರ ನಾವು ಹುಡುಗನ ಗಡಸುತನ ನೋಡಿ ಟಫ್ ಅಂತ ಸರ್ಟಿಫಿಕೇಟ್ ಕೊಡ್ತೀವಿ. ಅಳಲಿಲ್ಲವಾ, ಟಫ್. ಎದುರಾಡಲಿಲ್ಲವಾ, ಟಫ್.

ರಾಬಿನ್ ಉತ್ತಪ್ಪ ನೆನಪಾಗ್ತಾರೆ. ವೇಗದ ಬೌಲರ್‌ಗಳಿಗೆ ಕ್ರೀಸ್ ಬಿಟ್ಟು ನಡೆದು ಬಂದು ಹೊಡೆಯುತ್ತಿದ್ದ, 2007ರ ಟಿ20 ವಿಶ್ವಕಪ್ ಗೆದ್ದ ತಂಡದ ಹುಡುಗ. ಹೊರಗಿನಿಂದ ನೋಡಿದರೆ ಭಯ ಅಂದರೇನು ಅಂತಲೇ ಗೊತ್ತಿಲ್ಲದವನು. 2009ರಿಂದ 2011ರ ನಡುವೆ ತನಗೆ ಬದುಕು ಮುಗಿಸಿಕೊಳ್ಳುವ ಯೋಚನೆಗಳು ಬರುತ್ತಿದ್ದವು ಎಂದು ಅವರೇ ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಸುಮಾರು ಹತ್ತು ವರ್ಷ ಆದಮೇಲೆ. ಕರ್ನಾಟಕದ ಡ್ರೆಸ್ಸಿಂಗ್ ರೂಮಿನಲ್ಲಿ ಬೆಳೆದ, ಹೆಸರು ದುಡ್ಡು ಎಲ್ಲ ಇದ್ದವರಿಗೇ ಬಾಯಿಬಿಡಲು ಇಷ್ಟು ಕಾಲ ಬೇಕಾದರೆ, ಹುಬ್ಬಳ್ಳಿಯ ಹದಿಮೂರರ ಹುಡುಗ ಯಾರ ಹತ್ತಿರ ಹೇಳಿಕೊಳ್ತಾನೆ?

ಈ ಆಟದ ಸ್ವಭಾವವೂ ಸ್ವಲ್ಪ ಕ್ರೂರ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹತ್ತು ಸಲದಲ್ಲಿ ಮೂರು ಸಲ ಹಿಟ್ ಮಾಡಿದವನು ಒಳ್ಳೆಯ ಬ್ಯಾಟರ್. ಉಳಿದ ಏಳು ಸಲದ ಸೋಲು ಲೆಕ್ಕದೊಳಗೇ ಬರುತ್ತೆ, ಒಂದೇ ಪಂದ್ಯದಲ್ಲಿ ಮೂರ್ನಾಲ್ಕು ಸಲ ಮತ್ತೆ ಬ್ಯಾಟ್ ಹಿಡಿಯಬಹುದು. ಕ್ರಿಕೆಟ್‌ನಲ್ಲಿ ಒಂದು ತಪ್ಪು ಮಾಡಿದರೆ ದಿನವಿಡೀ ಬೇರೆಯವರು ಆಡೋದನ್ನ ನೋಡ್ತಾ ಕೂರಬೇಕು. ಆ ಕೂರುವ ಹೊತ್ತಿನಲ್ಲಿ ದೊಡ್ಡವರು ಏನು ಮಾತಾಡ್ತಾರೆ ಅನ್ನೋದೇ ಹುಡುಗನಿಗೆ ಪಾಠ. ನೆಟ್ಸ್‌ನಲ್ಲಿ ಹೇಳಿಕೊಟ್ಟಿದ್ದು ಅವನಿಗೆ ಮರೆತುಹೋಗಬಹುದು, ಇದು ಮರೆಯಲ್ಲ.

ಕರುಣ್ ನಾಯರ್ ಕಥೆಯನ್ನೂ ಈಗೀಗ 'ನೋಡು, ಛಲ ಅಂದ್ರೆ ಇದು' ಅಂತ ಹೇಳೋಕೆ ಶುರು ಮಾಡಿದ್ದಾರೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಅಜೇಯ 303. ಮುಂದಿನ ಟೆಸ್ಟ್‌ನಲ್ಲೇ ಆಡುವ ಹನ್ನೊಂದರಲ್ಲಿ ಜಾಗ ಇಲ್ಲ. ಕೆಲ ವರ್ಷಗಳಲ್ಲಿ ಕರ್ನಾಟಕ ತಂಡದಲ್ಲೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕ್ರಿಕೆಟ್‌ಗೇ ಬರೆದ ಹಾಗೆ, ಇನ್ನೊಂದು ಅವಕಾಶ ಕೊಡು ಅಂತ ಟ್ವೀಟ್ ಮಾಡಿದರು. ಆಮೇಲೆ ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆಯಲ್ಲಿ 779 ರನ್, ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಶತಕ, ವಿದರ್ಭ ಚಾಂಪಿಯನ್. ಎಂಟು ವರ್ಷದ ನಂತರ 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್. ಬಂದ ಮೊದಲ ಇನ್ನಿಂಗ್ಸ್ ಸೊನ್ನೆ. ಸರಣಿಯಲ್ಲಿ ಒಂದು ಅರ್ಧಶತಕ, ಮತ್ತೆ ತಂಡದಿಂದ ಹೊರಗೆ.

ಇದರಲ್ಲಿ ಛಲ ಇಲ್ಲವಾ? ಖಂಡಿತ ಇದೆ. ಆದರೆ ಆ ಛಲ ರನ್ ಆಗಿ ಕಂಡಿದ್ದು ನಾಗ್ಪುರದವರು ಬಾಗಿಲು ತೆಗೆದ ಮೇಲೆ. ಜಾಗವೇ ಸಿಗದೆ ಮನೆಯಲ್ಲಿ ಕೂತಿದ್ದಾಗಲೂ ಅವರು ಅದೇ ಮನುಷ್ಯ, ಅದೇ ಮನಸ್ಸು. ನಮ್ಮ ಹುಡುಗನಿಗೆ ಕಥೆಯ ಈ ಅರ್ಧವನ್ನು ಯಾರೂ ಹೇಳೋದಿಲ್ಲ.

ಇಷ್ಟು ಹೊತ್ತು ತಾಳಿಕೆಯ ಮಾತಾಯಿತು. ನಡತೆಯ ಮಾತು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ 'ಆಟ ಆಡಿದ್ರೆ ಕ್ಯಾರೆಕ್ಟರ್ ಬೆಳೀತದ' ಅಂದುಬಿಡ್ತೀವಿ. ಹಾಗೆ ತಾನಾಗಿಯೇ ಬೆಳೆಯೋದಾದರೆ 2019ರ ಕೆಪಿಎಲ್ ಹಗರಣ ಆಗಬಾರದಿತ್ತು. ಆ ವರ್ಷದ ಫೈನಲ್ ನಡೆದದ್ದು ಹುಬ್ಬಳ್ಳಿ ಟೈಗರ್ಸ್ ಮತ್ತು ಬಳ್ಳಾರಿ ಟಸ್ಕರ್ಸ್ ನಡುವೆ, ಗೆದ್ದದ್ದು ನಮ್ಮೂರ ಹೆಸರಿನ ತಂಡ. ನವೆಂಬರ್‌ನಲ್ಲಿ ಎದುರಾಳಿ ತಂಡದ ಇಬ್ಬರು ಆಟಗಾರರ ಬಂಧನವಾಯಿತು. ಆ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು ದುಡ್ಡು ಪಡೆದರು ಅನ್ನೋದು ಪೊಲೀಸರ ಆರೋಪ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಹಗರಣದ ವಂಚನೆ ಪ್ರಕರಣವನ್ನು ರದ್ದುಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ತೋರಿಸಬಹುದು, ಆದರೆ ಐಪಿಸಿ 420ರ ಅಡಿ ವಂಚನೆ ಆಗೋದಿಲ್ಲ, ಶಿಸ್ತುಕ್ರಮ ಬಿಸಿಸಿಐ ಕೆಲಸ ಅನ್ನೋದು ತೀರ್ಪಿನ ಸಾರ. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ನಡತೆಯ ಲೆಕ್ಕವನ್ನು ಕೋರ್ಟು ವಾಪಸ್ ಆಟದವರ ಕೈಗೇ ಕೊಟ್ಟಿತು.

ಆಟದವರು ಅದನ್ನು ಎಲ್ಲಿಂದ ಶುರು ಮಾಡಬೇಕು? 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದರು. ಅಪ್ಪ-ಅಮ್ಮ, ಕೋಚ್ ಸೇರಿ ಸುಳ್ಳು ಜನನ ಪ್ರಮಾಣಪತ್ರ ಮಾಡಿಸೋದನ್ನು ನೋಡಿದ ಹುಡುಗ ಮೋಸವನ್ನೇ ಕಲಿಯೋದಿಲ್ಲವೇ ಅಂತ ಕೇಳಿದ್ದರು. ಹದಿನಾಲ್ಕರಲ್ಲಿ ವಯಸ್ಸಿನ ಸುಳ್ಳಿಗೂ ಇಪ್ಪತ್ತೈದರಲ್ಲಿ ಫಿಕ್ಸಿಂಗ್‌ಗೂ ಏನು ವ್ಯತ್ಯಾಸ ಅನ್ನೋದು ಅವರ ಪ್ರಶ್ನೆ. ಅಂಡರ್-16 ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಲೆಕ್ಕ ಹಾಕುವ ಪದ್ಧತಿ ಇದೆ. 2020ರಲ್ಲಿ ಬಿಸಿಸಿಐ, ಸುಳ್ಳು ವಯಸ್ಸು ಕೊಟ್ಟವರು ತಾವಾಗಿ ಒಪ್ಪಿಕೊಂಡರೆ ಕ್ರಮ ಇಲ್ಲ, ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಅಂತಲೂ ಹೇಳಿತು. ಎಕ್ಸ್-ರೇ ಮೂಳೆ ನೋಡುತ್ತೆ. ಆ ಪ್ರಮಾಣಪತ್ರ ಮಾಡಿಸಲು ಯಾರು ಯಾವ ಕಚೇರಿಯ ಮೆಟ್ಟಿಲು ಹತ್ತಿದರು ಅನ್ನೋದನ್ನು ಅದು ನೋಡೋದಿಲ್ಲ. ನಿಷೇಧ ಬೀಳೋದು ಹುಡುಗನಿಗೆ, ಕಲಿಸಿದವರಿಗೆ ಏನೂ ಇಲ್ಲ.

ಅದೇ ದ್ರಾವಿಡ್ 2018ರಲ್ಲಿ ಅಂಡರ್-19 ವಿಶ್ವಕಪ್ ಗೆಲ್ಲಿಸಿದಾಗ ಬಿಸಿಸಿಐ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತ್ತು. ನನಗೆ ಹೆಚ್ಚು ಯಾಕೆ, ಎಲ್ಲರಿಗೂ ಸಮ ಇರಲಿ ಅಂದರು. ಕೊನೆಗೆ ಎಲ್ಲರಿಗೂ 25 ಲಕ್ಷ ಆಯಿತು, ಅಂದರೆ ಅವರ ಪಾಲು ಅರ್ಧಕ್ಕಿಳಿಯಿತು. ಆ ತಂಡದ ಹುಡುಗರಿಗೆ ಕ್ಯಾರೆಕ್ಟರ್ ಬಗ್ಗೆ ಬೇರೆ ಕ್ಲಾಸ್ ಬೇಕಾಗಿರಲಿಲ್ಲ ಅನ್ನಿಸುತ್ತೆ.

ನಮ್ಮಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಕೈಬಿಟ್ಟ ಹುಡುಗನಿಗೆ ಯಾಕೆ ಕೈಬಿಟ್ಟೆವು ಅಂತ ಎರಡು ಸಾಲು ಹೇಳೋದು. ಒಂದೇ ಟ್ರಯಲ್ಸ್ ಮೇಲೆ ವರ್ಷದ ಹಣೆಬರಹ ನಿರ್ಧರಿಸದೆ ಇನ್ನೆರಡು ಪಂದ್ಯ ಹೆಚ್ಚು ಆಡಿಸೋದು. ಅಪ್ಪ-ಅಮ್ಮಂದಿರನ್ನು ಪಂದ್ಯ ಮುಗಿಯುವವರೆಗೆ ಗೆರೆಯಿಂದ ದೂರ ಇಡೋದು. ಇದಕ್ಕೆಲ್ಲ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಬೇಕಿಲ್ಲ. ಬಂದರೆ ಒಳ್ಳೆಯದೇ, ಬರುವವರೆಗೆ ಇಷ್ಟಾದರೂ ಆಗಲಿ.

ಮತ್ತೆ ಆ ಪಂದ್ಯಕ್ಕೆ ಬರ್ತೀನಿ. ಊಟದ ನಂತರ ಅದೇ ಹುಡುಗ ಡೀಪ್ ಮಿಡ್‌ವಿಕೆಟ್‌ನಲ್ಲಿ ಫೀಲ್ಡಿಂಗ್ ಮಾಡ್ತಿದ್ದ. ಒಂದು ಚೆಂಡಿನ ಹಿಂದೆ ಓಡಿ, ಬಿದ್ದು, ತಡೆದು ಎಸೆದ. ಚಪ್ಪಾಳೆ ಬಿತ್ತು. ಅಂಪೈರ್ ಎರಡು ರನ್ ಅಂತ ಬಿಟ್ಟರು. ಹುಡುಗ ಎದ್ದು ಕಾಲು ನೋಡಿಕೊಂಡ, ಸುಣ್ಣದ ಗೆರೆ ನೋಡಿದ, ಆಮೇಲೆ ತಾನೇ ಕೈ ಬೀಸಿ ಫೋರ್ ಅಂತ ತೋರಿಸಿದ. ಕಾಲು ಗೆರೆಗೆ ತಾಗಿತ್ತಂತೆ. "ಯಾರ್ ಕೇಳಿದ್ರೋ ನಿನ್ನ?" ಅಂತ ಕೀಪರ್ ಕೂಗಿದ. ಆ ರನ್‌ಗಳಿಂದ ಪಂದ್ಯವೇನೂ ತಿರುಗಲಿಲ್ಲ, ಹೇಗಿದ್ದರೂ ಅವರು ಸೋಲುವವರೇ ಇದ್ದರು. ಕೋಚ್ ಸ್ಕೋರ್ ಬುಕ್ಕಿನವರ ಹತ್ತಿರ ಏನೋ ಮಾತಾಡ್ತಿದ್ದರು. ಅಪ್ಪ ಫೋನಿನಲ್ಲಿದ್ದರು. ಹುಡುಗ ಪ್ಯಾಂಟಿನ ಮಣ್ಣು ಕೊಡವಿಕೊಂಡು ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.